ಎಂಟನೆಯ ಮೂಲೆ

ಎಲ್ಲಕ್ಕೂ ಕಾರಣ ಒಂದು ಖಾಲಿ ಸಾಲು.

ದಪ್ಪ ರಟ್ಟಿನ ರಿಜಿಸ್ಟರಿನ ನಲವತ್ತೊಂದನೆಯ ಪುಟದಲ್ಲಿ ಇಪ್ಪತ್ತೈದು ಸಾಲುಗಳು ತುಂಬಿದ್ದವು. ಇಪ್ಪತ್ತಾರನೆಯದು ಖಾಲಿ ಇತ್ತು. ಖಾಲಿ ಇರುವುದನ್ನು ಕಂಡು ಸುಮ್ಮನಿರುವ ಜಾಯಮಾನ ಅತ್ತೆಯದಲ್ಲ. ಖಾಲಿ ಡಬ್ಬಿ ಕಂಡರೆ ಏನಾದರೂ ತುಂಬುತ್ತಾರೆ, ಖಾಲಿ ಗೋಡೆ ಕಂಡರೆ ಮೊಳೆ ಹೊಡೆಯುತ್ತಾರೆ, ಅಳಿಯ ಖಾಲಿ ಕೂತದ್ದು ಕಂಡರೆ ಕೆಲಸ ಹೇಳುತ್ತಾರೆ.

ಅಳಿಯ ಆ ಹೊತ್ತಿಗೆ ಸ್ನಾನ ಮಾಡುತ್ತಿದ್ದ. ನೀರಿನ ಸದ್ದಿನ ನಡುವೆಯೂ ಅವನಿಗೆ ಕೇಳಿಸಿತು: ಧೊಪ್.

ಹನ್ನೊಂದು ವರ್ಷಗಳ ಅಭ್ಯಾಸ. ಕಿವಿ ತನ್ನಷ್ಟಕ್ಕೆ ತಾನೇ ಅಳತೆ ಹಿಡಿಯಿತು. ಬಿದ್ದದ್ದು ಮೂಲೆಯ ಮೇಲೆ. ಎತ್ತರ ನಾಲ್ಕು ಅಡಿಗಿಂತ ತುಸು ಹೆಚ್ಚು. ನೆಲ ಟೈಲ್ಸಿನದು. ತೂಕ ಎರಡು ಕಿಲೋ ಚಿಲ್ಲರೆ. ತೂಕಕ್ಕೆ ಬಂದಾಗ ಅವನು ನಲ್ಲಿ ನಿಲ್ಲಿಸಿದ. ಅಷ್ಟು ತೂಕದ, ಮೂಲೆಗಳಿರುವ ವಸ್ತು ಮನೆಯಲ್ಲಿ ಇದ್ದದ್ದು ಒಂದೇ.

ತಲೆಯ ಮೇಲಿನ ಸೋಪಿನ ನೊರೆಯನ್ನೂ ಸೊಂಟಕ್ಕೊಂದು ಟವೆಲನ್ನೂ ಹೊತ್ತು ಅವನು ಅಡುಗೆಮನೆಗೆ ಓಡಿಬಂದ. ಅತ್ತೆ ಒಂದು ಕೈಯಲ್ಲಿ ಪೆನ್ನು ಹಿಡಿದು, ಇನ್ನೊಂದನ್ನು ಸೊಂಟದ ಮೇಲಿಟ್ಟು ನಿಂತಿದ್ದರು. ಅವರ ಕಾಲ ಬಳಿ ಲ್ಯಾಪ್‌ಟಾಪು ಬೈಸಿಕೊಂಡ ಬೆಕ್ಕಿನ ಹಾಗೆ ಮಗುಚಿ ಬಿದ್ದಿತ್ತು.

"ಬಂದ್ರಾ ಅಳಿಯಂದ್ರೇ? ಅದನ್ನ ಸ್ವಲ್ಪ ಎತ್ತಿ ಕೊಡಿ. ನನ್ನ ಮಂಡಿ ಬಗ್ಗಲ್ಲ ಅಂತ ನಿಮಗೇ ಗೊತ್ತಲ್ಲ."

"ಅತ್ತೆ... ಏನು ಮಾಡಿದ್ರಿ?"

"ನಿಮ್ಮ ಕೆಲಸ ಮಾಡಿದೆ. ಇಪ್ಪತ್ತೈದು ಸಲ ಬೀಳ್ಸಿ, ಒಂದೇ ಒಂದು ಬಾಕಿ ಉಳಿಸ್ಕೊಂಡು ಮನೆಗೆ ಹೊತ್ಕೊಂಡು ಬಂದಿದೀರಿ. ಪಾಪ ಅನ್ನಿಸ್ತು. ಮುಗಿಸಿಬಿಟ್ಟೆ. ಬರೆದೂ ಇಟ್ಟಿದೀನಿ, ನೋಡ್ಕೊಳ್ಳಿ."

ನೋಡಿದ. ಇಪ್ಪತ್ತಾರನೆಯ ಸಾಲಿನಲ್ಲಿ ಸ್ಥಳ ಸಾಲದೆ ಪುಟದ ಅಂಚಿಗೂ ಹತ್ತಿಕೊಂಡ ದುಂಡನೆಯ ಅಕ್ಷರಗಳು, ನೀಲಿ ಶಾಯಿಯಲ್ಲಿ. ಕೊನೆಗೆ ಅತ್ತೆಯ ಪೂರ್ತಿ ಸಹಿ. ಕೆಳಗೊಂದು ಗೆರೆ. ಗೆರೆಯ ಕೆಳಗೆ ಎರಡು ಚುಕ್ಕೆ.

ಅವನು ಅಲ್ಲೇ ಒದ್ದೆ ಟವೆಲಿನಲ್ಲಿ ನೆಲದ ಮೇಲೆ ಕುಳಿತುಬಿಟ್ಟ.

ಅವನ ಕೆಲಸ ಲ್ಯಾಪ್‌ಟಾಪುಗಳನ್ನು ಬೀಳಿಸುವುದು. ಪರೀಕ್ಷಾಲಯದಲ್ಲಿ ಎಲ್ಲರೂ ಅವನನ್ನು ಧೊಪ್ಪಣ್ಣ ಎಂದು ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಬದುಕಿತ್ತು. ಲ್ಯಾಪ್‌ಟಾಪಿಗೆ ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಒಟ್ಟು ಇಪ್ಪತ್ತಾರು. ಒಂದೊಂದರ ಮೇಲೂ ಒಂದೊಂದು ಸಲ, ಸರಿಯಾಗಿ ನಾಲ್ಕು ಅಡಿ ಎತ್ತರದಿಂದ, ಸಿಮೆಂಟಿನ ಮೇಲೆ ಹಾಸಿದ ಪ್ಲೈವುಡ್ಡಿನ ಮೇಲೆ ಬೀಳಬೇಕು. ಬಿದ್ದ ಭಾಗಕ್ಕೆ ಸೀಮೆಸುಣ್ಣದ ಗುರುತು. ಆಮೇಲೆ ಅದನ್ನು ಚಾಲೂ ಮಾಡಿ, ಮುಚ್ಚಿ, ತೆರೆದು, 'ಹಾನಿ' ಅಥವಾ 'ಹಾನಿಯಿಲ್ಲ' ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಬೇರೆಯವರ ಕೈಯಿಂದ ಒಂದು ಸಲ ಬಿದ್ದರೂ ಇಡೀ ಪರೀಕ್ಷೆ ರದ್ದು. ಮತ್ತೆ ಮೊದಲ ಸಾಲಿನಿಂದ ಶುರು.

"ಬೀಳ್ಸೋದಕ್ಕೂ ಸಂಬಳ ಕೊಡ್ತಾರಾ?" ಮದುವೆಯ ಮಾತುಕತೆಯ ದಿನ ಅತ್ತೆ ಕೇಳಿದ್ದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಒಪ್ಪುವಂಥ ಉತ್ತರ ಅವರಿಗೆ ಸಿಕ್ಕಿರಲಿಲ್ಲ.

ಉತ್ತರ ಕೊಡುವ ದಿನ ಇವತ್ತೇ ಆಗಿತ್ತು. ಆಂಬುಲೆನ್ಸ್ ಸೇವೆಯವರು ತಮ್ಮ ಗಾಡಿಗಳಿಗೆಲ್ಲ ಈ ಗಟ್ಟಿ ಲ್ಯಾಪ್‌ಟಾಪು ಕೊಳ್ಳುವ ಯೋಚನೆಯಲ್ಲಿದ್ದರು. ಹನ್ನೊಂದು ಗಂಟೆಗೆ ಬಂದು, ಕೊನೆಯ ಸಲ ಬೀಳುವುದನ್ನು ಕಣ್ಣಾರೆ ನೋಡಿ ತೀರ್ಮಾನ ಮಾಡುವವರಿದ್ದರು. ಅವರು ಒಪ್ಪಿದರೆ ಧೊಪ್ಪಣ್ಣ ಮುಖ್ಯ ಪರೀಕ್ಷಕ. ಮುಖ್ಯ ಪರೀಕ್ಷಕನಿಗೆ ಕುರ್ಚಿ. ಬೀಳಿಸುವ ಕೆಲಸ ನಿಂತೇ ಮಾಡುವಂಥದ್ದಾದ್ದರಿಂದ ಹನ್ನೊಂದು ವರ್ಷಗಳಲ್ಲಿ ಅವನಿಗೆ ಒಂದು ಸ್ಟೂಲು ಕೂಡ ಸಿಕ್ಕಿರಲಿಲ್ಲ. ಆ ಕುರ್ಚಿ ಆಗಲೇ ಬಂದು, ಪ್ಲಾಸ್ಟಿಕ್ ಹೊದಿಕೆ ಸಮೇತ ಪರೀಕ್ಷಾಲಯದ ಮೂಲೆಯಲ್ಲಿ ಕಾಯುತ್ತಿತ್ತು. ಎರಡು ಕೈ, ಐದು ಚಕ್ರ, ಬೆನ್ನಿಗೆ ಮೆತ್ತೆ. ಧೊಪ್ಪಣ್ಣ ದಿನಕ್ಕೆರಡು ಸಲ ಹೋಗಿ ಅದನ್ನು ಮುಟ್ಟಿ ಬರುತ್ತಿದ್ದ.

ಅತಿಥಿಗಳು ಬರುತ್ತಾರೆಂದು ಹಿಂದಿನ ದಿನ ಪರೀಕ್ಷಾಲಯದ ಗೋಡೆಗಳಿಗೆ ಬಣ್ಣ ಬಳಿಸುತ್ತಿದ್ದರು. "ಇದನ್ನ ಎಲ್ಲಾದ್ರೂ ಜೋಪಾನವಾಗಿ ಇಡ್ರೀ" ಎಂದು ಮ್ಯಾನೇಜರು ಲ್ಯಾಪ್‌ಟಾಪನ್ನೂ ರಿಜಿಸ್ಟರನ್ನೂ ಅವನ ಕೈಗೆ ಕೊಟ್ಟಿದ್ದರು. ಮನೆಗಿಂತ ಜೋಪಾನವಾದ ಜಾಗ ಯಾವುದು ಎಂದುಕೊಂಡು ಅವನು ಎರಡನ್ನೂ ಮನೆಗೆ ತಂದಿದ್ದ.

"ಮೂಲೆ ಹುಡುಕೋದೇ ಕಷ್ಟ ಆಯ್ತು," ಅತ್ತೆ ಹೇಳುತ್ತಿದ್ದರು. "ಎಲ್ಲಾ ಕಡೆ ಸುಣ್ಣ ಮೆತ್ತಿದೀರಿ. ಮೆತ್ತದೇ ಇರೋದು ಒಂದೇ ಮೂಲೆ. ಅದನ್ನೇ ಕೆಳಗೆ ಮಾಡಿ ಬಿಟ್ಟೆ. ಸರಿ ತಾನೆ?"

ಸರಿಯಾಗಿಯೇ ಇತ್ತು. ಅದೇ ಅವನಿಗೆ ಅಳು ತರಿಸಿದ್ದು.

ಧೊಪ್ ಎಂದ ಸದ್ದಿಗೆ ಮಹಡಿಯ ಮೇಲಿನ ನಿವೃತ್ತ ಗಣಿತದ ಮೇಷ್ಟ್ರು ಇಳಿದುಬಂದಿದ್ದರು. ಯಾರ ಮನೆಯಲ್ಲಿ ಏನು ಬಿದ್ದರೂ ಅವರು ಬರುತ್ತಾರೆ. ವಿಷಯ ಕೇಳಿ, ಕನ್ನಡಕ ಏರಿಸಿ, ಪುಟವನ್ನು ಮೇಲಿನಿಂದ ಕೆಳಗೆ ಓದಿದರು.

"ಏನಯ್ಯಾ, ಇಷ್ಟಕ್ಕೆಲ್ಲ ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀಯಲ್ಲ! ಒಂದು ಬಿಳಿ ಕಾಗದದ ಪಟ್ಟಿ ಕತ್ತರಿಸು, ಆ ಸಾಲಿನ ಮೇಲೆ ಅಂಚಿನ ತನಕ ಅಂಟಿಸು, ಗೆರೆ ಎಳಿ. ಮೂವತ್ತು ವರ್ಷ ಮಾರ್ಕ್ಸ್ ರಿಜಿಸ್ಟರ್ ಇಟ್ಟೋನು ನಾನು. ಎಷ್ಟು ಪಟ್ಟಿ ಅಂಟಿಸಿದೀನೋ, ದೇವರಿಗೇ ಗೊತ್ತು!"

"ತಪ್ಪಲ್ವಾ ಮೇಷ್ಟ್ರೇ?"

"ತಪ್ಪು ಕಾಣಿಸದೇ ಇರ್ಲಿ ಅಂತಾನೇ ಪಟ್ಟಿ ಅಂಟಿಸೋದು."

ಗೋಂದು ಬಂತು, ಸ್ಕೇಲು ಬಂತು. ಕೆಲಸಕ್ಕೆ ಜಾಗ ಬೇಕೆಂದು ಮೇಷ್ಟ್ರು ಮೊಣಕೈ ಅಗಲಿಸಿದರು. ಮೇಜಿನ ತುದಿಯಲ್ಲಿದ್ದ ಲ್ಯಾಪ್‌ಟಾಪು ಮರ್ಯಾದೆಯಿಂದ ಹಿಂದೆ ಸರಿದು, ಹಿಂದೆ ಜಾಗವಿಲ್ಲದೆ, ಕೆಳಕ್ಕೆ ಹೋಯಿತು.

ಧೊಪ್.

"ಅಗಲದ ಅಂಚು. ಎರಡೂವರೆ ಅಡಿ," ಎಂದಿತು ಧೊಪ್ಪಣ್ಣನ ಬಾಯಿ, ಅವನ ಅನುಮತಿಯನ್ನೇ ಕೇಳದೆ. ಕೈಯೂ ಸುಮ್ಮನಿರಲಿಲ್ಲ. ಬಿದ್ದದ್ದನ್ನು ಬರೆಯದೆ ಬಿಟ್ಟು ಅದಕ್ಕೆ ಅಭ್ಯಾಸವಿಲ್ಲ. ರಿಜಿಸ್ಟರಿನಲ್ಲಿ ಬರೆಯುವಂತಿಲ್ಲ. ಬಲಗೈ ಪೆನ್ನು ತೆಗೆದುಕೊಂಡು ಎಡ ಅಂಗೈಯ ಮೇಲೆ ಬರೆಯಿತು: '27. ಅಂಚು. ಎರಡೂವರೆ ಅಡಿ. ಮೇಷ್ಟ್ರು.'

"ಒಡೀಲಿಲ್ಲ ತಾನೆ? ಮತ್ತೆ ಯಾಕಯ್ಯಾ ಮುಖ ಹಾಗೆ ಮಾಡ್ತೀಯ!" ಎಂದು ಮೇಷ್ಟ್ರು ಪಟ್ಟಿಯ ಮೇಲೆ ಉಫ್ ಉಫ್ ಎಂದು ಗಾಳಿ ಊದಿದರು.

ಲ್ಯಾಪ್‌ಟಾಪು ಚಾಲೂ ಆಯಿತು. ಅವನ ಪ್ರಾಣವೂ ಮರಳಿತು. ಬಟ್ಟೆ ತೊಟ್ಟು, ಲ್ಯಾಪ್‌ಟಾಪನ್ನೂ ರಿಜಿಸ್ಟರನ್ನೂ ಬ್ಯಾಗಿಗೆ ತುರುಕಿ ಮೆಟ್ಟಿಲಿಳಿಯುವಾಗ ಬ್ಯಾಗಿನ ಪಟ್ಟಿ ಕಿತ್ತುಬಂತು. ಧೊಪ್, ಧೊಪ್, ಧೊಪ್ ಎಂದು ಬ್ಯಾಗು ಅವನಿಗಿಂತ ಮೊದಲೇ ಕೆಳಮನೆಯ ಬಾಗಿಲು ತಲುಪಿತು. ಬಾಗಿಲು ತೆರೆದುಕೊಂಡಿತು. ಒಳಗಿನಿಂದ ಟೈಲರಮ್ಮ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ, "ಬ್ಯಾಗು ಬಂತು, ನೀವೂ ಬನ್ನಿ ಅಣ್ಣಾ" ಎಂದಳು.

"ಇಲ್ಲಮ್ಮ, ಅವಸರ..."

"ಅವಸರದಲ್ಲಿ ಹೀಗೇ ಹೋದ್ರೆ ರಸ್ತೆ ಮಧ್ಯೆ ಬೀಳುತ್ತೆ. ಎರಡು ಹೊಲಿಗೆ ಅಷ್ಟೆ. ಕೊಡಿ ಇಲ್ಲಿ."

ಕೊಟ್ಟ. ಹೊಲಿಯುವ ಮುನ್ನ ಬ್ಯಾಗು ಖಾಲಿ ಮಾಡಬೇಕಲ್ಲ. ಅವಳು ಲ್ಯಾಪ್‌ಟಾಪನ್ನು ತೆಗೆದು ಇಸ್ತ್ರಿ ಮೇಜಿನ ಮೇಲೆ, ಮಡಿಸಿಟ್ಟ ಒಂದು ರೇಷ್ಮೆ ಲಂಗದ ಮೇಲಿಟ್ಟಳು. ರೇಷ್ಮೆಗೆ ಯಾರನ್ನೂ ಹಿಡಿದಿಟ್ಟುಕೊಳ್ಳುವ ಗುಣವಿಲ್ಲ. ಹೊಲಿಗೆ ಯಂತ್ರ ಗಡಗಡ ಎಂದು ಓಡಿದ್ದೇ ತಡ, ಲ್ಯಾಪ್‌ಟಾಪು ನಿಧಾನವಾಗಿ ಜಾರುತ್ತಾ, ಜಾರುತ್ತಾ...

ಅಂಗೈಯ ಮೇಲೆ ಎರಡು ಸಾಲು ಸೇರಿದವು. '28. ಮೆಟ್ಟಿಲು, ಹನ್ನೊಂದು, ಬ್ಯಾಗಿನ ಒಳಗೆ. 29. ಹಿಂಬದಿ ಮುಖ. ಮೂರಡಿ. ರೇಷ್ಮೆ.'

"ಒಳ್ಳೆ ಗಟ್ಟಿ ಇದೆ ಅಣ್ಣಾ! ನಮ್ಮ ಯಜಮಾನ್ರಿಗೂ ಇಂಥದ್ದೇ ಒಂದು ತೆಗೆಸ್ಕೊಡಿ. ಅವರು ಫೋನನ್ನ ತಿಂಗಳಿಗೊಂದು ಸಲ ಬೀಳಿಸ್ತಾರೆ."

ಬಸ್ಸಿನಲ್ಲಿ ಅವನು ಬ್ಯಾಗನ್ನು ನಂಬದೆ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ನಿಂತ. ಅದು ಹಾಗೆ ಕಂಡದ್ದರಿಂದಲೇ ಮುದುಕರೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಅವನು ಕೂರಲೆಂದು ಬಗ್ಗಿದ. ಡ್ರೈವರು ಆಗಲೇ ಬ್ರೇಕು ಹಾಕಬೇಕೆ? ಮೂವತ್ತನೆಯದು ಬಸ್ಸಿನ ಉದ್ದಕ್ಕೂ ಜಾರಿಕೊಂಡು ಹೋಗಿ ಗೇರಿನ ಬಳಿ ನಿಂತಿತು. "ಯಾರ್ರೀ ಇದು, ಟಿಕೆಟ್ ತಗೊಂಡಿದಾರಾ?" ಎಂದ ಕಂಡಕ್ಟರು. ಬಸ್ಸಿನವರೆಲ್ಲ ನಕ್ಕರು. ಧೊಪ್ಪಣ್ಣನೂ, ಬೇರೆ ದಾರಿ ಕಾಣದೆ, ನಕ್ಕು ಅಂಗೈ ಮೇಲೆ ಬರೆದುಕೊಂಡ.

ಇಷ್ಟರಲ್ಲಿ ಒಂದು ವಿಷಯ ಅವನ ಗಮನಕ್ಕೆ ಬಂತು. ಲ್ಯಾಪ್‌ಟಾಪಿಗೆ ಏನೂ ಆಗುತ್ತಿರಲಿಲ್ಲ. ಪ್ರತಿ ಸಲವೂ ಎದ್ದು, ಮುಖ ತೊಳೆದು ಬಂದವರ ಹಾಗೆ ಬೆಳಗುತ್ತಿತ್ತು. ಬೀಳುತ್ತಿದ್ದವನು ಅವನೊಬ್ಬನೇ.

ಪರೀಕ್ಷಾಲಯದಲ್ಲಿ ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅತಿಥಿಗಳು ಬಂದಾಗಿತ್ತು. ಸೂಟು ಹಾಕಿದ ಇಬ್ಬರು ಗಂಡಸರು, ಅವರ ಮುಂದೆ ಗಿಡ್ಡನೆಯ, ಕತ್ತರಿಸಿದ ಕೂದಲಿನ ಒಬ್ಬ ಮೇಡಂ. ಗಂಡಸರು ಎಲ್ಲದಕ್ಕೂ "ವೆರಿ ಗುಡ್" ಎನ್ನುತ್ತಿದ್ದರು. ಮೇಡಂ ಯಾವುದಕ್ಕೂ ಏನೂ ಎನ್ನುತ್ತಿರಲಿಲ್ಲ. ಮ್ಯಾನೇಜರಿಗೆ ಅದೇ ಭಯ ಹುಟ್ಟಿಸಿತ್ತು.

"ಎಲ್ಲಿ ಹಾಳಾಗಿ ಹೋಗಿದ್ರೀ ಧೊಪ್ಪಣ್ಣ?" ಹಲ್ಲುಗಳ ನಡುವಿನಿಂದ ಹೇಳಿ, ಅದೇ ಹಲ್ಲುಗಳನ್ನು ತೋರಿಸುತ್ತಾ ಅತಿಥಿಗಳ ಕಡೆ ತಿರುಗಿದರು. "ಇವರೇ ನಮ್ಮ ಪರೀಕ್ಷಕರು. ಇವರ ಕೈಯಿಂದ ತಪ್ಪಿ ಏನೂ ಬೀಳಲ್ಲ. ಬಿದ್ದರೆ ಅದು ಪರೀಕ್ಷೆ!"

"ವೆರಿ ಗುಡ್," ಎಂದರು ಗಂಡಸರು.

ಧೊಪ್ಪಣ್ಣ ಎಡಗೈ ಮುಷ್ಟಿ ಬಿಗಿಹಿಡಿದು, ಬಲಗೈಯಿಂದ ಲ್ಯಾಪ್‌ಟಾಪನ್ನು ಕಂಬದ ಕೊಕ್ಕೆಗೆ ಸಿಕ್ಕಿಸಿದ. ಎಂಟನೆಯ ಮೂಲೆ ಕೆಳಕ್ಕೆ. ನಾಲ್ಕು ಅಡಿ. ಗುಂಡಿ ಒತ್ತಿದ. ಧೊಪ್. ಅವನ ಮನಸ್ಸಿನಲ್ಲಿ ಮೂವತ್ತೊಂದು. ಅವರೆಲ್ಲರ ಲೆಕ್ಕದಲ್ಲಿ ಇಪ್ಪತ್ತಾರು. ಎತ್ತಿ, ಮುಚ್ಚಳ ತೆರೆದ. ಬೆಳಕು ಬಂತು. ಚಪ್ಪಾಳೆಯೂ ಬಂತು. ಕಣ್ಣಂಚಿನಲ್ಲಿ ಕುರ್ಚಿ ಕಾಣಿಸಿತು. ಪ್ಲಾಸ್ಟಿಕ್ ಹೊದಿಕೆಯೊಳಗಿನಿಂದ ಅದು ತನ್ನನ್ನೇ ಕರೆಯುತ್ತಿದೆ ಎನ್ನಿಸಿತು.

"ಬರೀರಿ, ಬರೀರಿ," ಎಂದರು ಮ್ಯಾನೇಜರು.

ಮೇಷ್ಟ್ರ ಪಟ್ಟಿಯ ಮೇಲೆ ಅವನು ಬರೆದ: 'ನಾಲ್ಕು ಅಡಿ. ಪ್ಲೈವುಡ್. ಹಾನಿಯಿಲ್ಲ.' ಸಾಕ್ಷಿಯ ಸಹಿಗೆ ರಿಜಿಸ್ಟರು ಮೇಡಂ ಮುಂದೆ ಹೋಯಿತು. ಅವರು ಸಹಿ ಹಾಕಲಿಲ್ಲ. ಬೆರಳಿಟ್ಟು ಮೊದಲ ಸಾಲಿನಿಂದ ಓದುತ್ತಾ ಬಂದರು. ಹಾನಿಯಿಲ್ಲ. ಹಾನಿಯಿಲ್ಲ. ಹಾನಿಯಿಲ್ಲ. ಇಪ್ಪತ್ತಾರನೆಯದಕ್ಕೆ ಬಂದ ಬೆರಳು ಅಂಟಿಕೊಂಡಿತು. ಗೋಂದು ಇನ್ನೂ ಒಣಗಿರಲಿಲ್ಲ. ಬೆರಳೆತ್ತಿದಾಗ ಪಟ್ಟಿಯೂ ಅದರ ಜೊತೆಗೇ ಎದ್ದುಬಂತು.

ಮೇಡಂ ತಮ್ಮ ಬೆರಳಿಗಂಟಿದ ಪಟ್ಟಿಯನ್ನು ನೋಡಿದರು. ಅದರ ಕೆಳಗಿದ್ದುದನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ಓದತೊಡಗಿದರು:

"'ಎತ್ತರ: ನನ್ನ ಭುಜ. ನೆಲ: ಅಡುಗೆಮನೆ, ಈಗ ತಾನೇ ಒರೆಸಿದ್ದು. ಬಿತ್ತು. ಒಡೆಯಲಿಲ್ಲ. ಆದರೆ ಮುಚ್ಚಳ ತೆರೆದರೆ ನನ್ನ ಮಂಡಿಯ ಹಾಗೆ ಕಟಕಟ ಅನ್ನುತ್ತದೆ. ಇಂದು ಸದ್ದು, ನಾಳೆ ನೋವು. ಇದನ್ನು ಯಾರೂ ನೋಡಿಲ್ಲವೇ?'"

ಮೇಡಂ ರಿಜಿಸ್ಟರಿನಿಂದ ತಲೆಯೆತ್ತಿದರು.

"ಇದು ಯಾರು ಬರೆದದ್ದು?"

ಧೊಪ್ಪಣ್ಣ ಪುಟ ಮುಚ್ಚಲು ಎಡಗೈ ಚಾಚಿದ. ಮುಷ್ಟಿ ಬಿಚ್ಚಿಕೊಂಡಿತು. ಮೇಡಂ ಅದನ್ನೂ ಓದಿದರು. "ಮೇಷ್ಟ್ರು... ಮೆಟ್ಟಿಲು, ಹನ್ನೊಂದು... ರೇಷ್ಮೆ... ಬಸ್ಸು, ಗೇರಿನ ತನಕ."

ಇನ್ನು ಮುಚ್ಚಿಡಲು ಉಳಿದದ್ದೇನು? ಅವನು ಸ್ನಾನದ ನೊರೆಯಿಂದ ಹಿಡಿದು ಕಂಡಕ್ಟರನವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಹೇಳುತ್ತಾ ಹೋದ ಹಾಗೆ ಮ್ಯಾನೇಜರ ಮುಖದ ಬಣ್ಣ ಗೋಡೆಯ ಬಿಳಿ ಬಣ್ಣಕ್ಕೆ ಹತ್ತಿರವಾಗುತ್ತಾ ಬಂತು.

"ಆ ಕಟಕಟ ನಿಮಗೆ ಗೊತ್ತಿರ್ಲಿಲ್ವಾ?" ಮೇಡಂ ಕೇಳಿದರು.

"ಗೊತ್ತಿತ್ತು ಮೇಡಂ. ಒಂಬತ್ತನೇ ಸಲದಿಂದ ಇದೆ. ಆದ್ರೆ ರಿಜಿಸ್ಟರ್‌ನಲ್ಲಿ ಹಾನಿ, ಹಾನಿಯಿಲ್ಲ ಅಂತ ಎರಡೇ. ಕಟಕಟಕ್ಕೆ ಜಾಗ ಇಲ್ಲ."

"ಅವರಿಗೆ ಫೋನ್ ಮಾಡಿ."

"ಯಾರಿಗೆ? ಪೊಲೀಸರಿಗಾ?"

"ನಿಮ್ಮ ಅತ್ತೆಗೆ."

ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು.

"ಹಲೋ, ಅಳಿಯಂದ್ರೇ! ತಲೆಯಲ್ಲಿ ಸೋಪು ಹಾಗೇ ಇತ್ತು, ಒರೆಸ್ಕೊಂಡ್ರಾ?"

"ಅಮ್ಮಾ, ನಾನು ಲ್ಯಾಪ್‌ಟಾಪ್ ಕೊಳ್ಳೋರು ಮಾತಾಡ್ತಿರೋದು," ಎಂದರು ಮೇಡಂ. "ನೀವು ಬರೆದದ್ದು ಓದಿದೆ."

"ಓದಿದ್ರಾ? ಆ ಪೆನ್ನು ಸರಿ ಇರ್ಲಿಲ್ಲಮ್ಮ, ಅಕ್ಷರ ಕೆಟ್ಟಿದೆ. ನೋಡಿ, ನಮ್ಮ ಅಳಿಯಂದ್ರು ಒಳ್ಳೇವ್ರೇ. ಆದ್ರೆ ಬೀಳ್ಸೋದು ಗೊತ್ತಿಲ್ಲ."

"ಹಾಗಂದ್ರೆ?"

"ಅಳತೆ ಪಟ್ಟಿ ಹಿಡ್ಕೊಂಡು, ಕೊಕ್ಕೆಗೆ ಸಿಕ್ಕಿಸಿ ಯಾರಮ್ಮ ಬೀಳಿಸ್ತಾರೆ? ಒಂದು ಕೈಲಿ ಲೋಟ, ಕಿವೀಲಿ ಫೋನು, ಬಾಗಿಲಲ್ಲಿ ಯಾರೋ ಕೂಗ್ತಿರ್ತಾರೆ. ಆಗ ತಾನೆ ಬೀಳೋದು?"

ಆಂಬುಲೆನ್ಸಿನ ಇಬ್ಬರು ಗಂಡಸರೂ ಈ ಸಲ "ವೆರಿ ಗುಡ್" ಎನ್ನಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡು ತಲೆಯಾಡಿಸಿದರು. ಮೇಡಂ ಮೊದಲ ಸಲ ನಕ್ಕರು.

"ಹೋದ ಸಲ ಬೇರೆ ಕಡೆ ಕೊಂಡ್ವಿ," ಎಂದರು ಮ್ಯಾನೇಜರ ಕಡೆ ತಿರುಗಿ. "ರಿಪೋರ್ಟ್ ತುಂಬಾ ಹಾನಿಯಿಲ್ಲ, ಹಾನಿಯಿಲ್ಲ. ಎರಡೇ ತಿಂಗಳಿಗೆ ಮುಚ್ಚಳಗಳು ಕೈಗೆ ಬಂದ್ವು. ನಮ್ಮ ನರ್ಸ್ ಹುಡುಗೀರು ಗಾಡಿ ಓಡ್ತಿರೋವಾಗ್ಲೇ ದಿನಕ್ಕೆ ಇನ್ನೂರು ಸಲ ತೆಗೆದು ಮುಚ್ತಾರೆ. ಈ ಪುಟದಲ್ಲಿ ಲ್ಯಾಪ್‌ಟಾಪನ್ನ ನಿಜವಾಗಿ ನೋಡಿ ಬರೆದಿರೋದು ಒಂದೇ ಸಾಲು. ಮೆಟ್ಟಿಲು, ಬಸ್ಸು ಎಲ್ಲಾ ತಡ್ಕೊಂಡಿದೆ, ಅದು ಸಂತೋಷ. ಆ ಕಟಕಟ ಸರಿ ಮಾಡಿ, ನಾವು ತಗೋತೀವಿ. ಆದ್ರೆ ಒಂದು ಷರತ್ತು. ಇನ್ನು ಮುಂದೆ ನಮ್ಮ ಲ್ಯಾಪ್‌ಟಾಪ್‌ಗಳನ್ನ ಬೀಳಿಸಬೇಕಾದ್ದು ಈ ಸಹಿ ಮಾಡಿದೋರು."

"ಖಂಡಿತಾ ಮೇಡಂ!" ಎಂದರು ಮ್ಯಾನೇಜರು. ಅವರ ಮುಖಕ್ಕೆ ರಕ್ತ ಮರಳಿ ಬಂದಿತ್ತು. "ಅಮ್ಮಾ, ನಿಮಗೆ ಏನೇನು ಅನುಕೂಲ ಬೇಕು ಹೇಳಿ."

ಫೋನಿನಲ್ಲಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ನಂಗೇನು ಬೇಕಪ್ಪಾ. ಮಂಡಿ ನೋವು, ನಿಲ್ಲೋಕಾಗಲ್ಲ. ಕೂರೋಕೆ ಒಂದು ಕುರ್ಚಿ ಇದ್ರೆ ಸಾಕು. ಕೈ ಇರೋದು."

ಎಲ್ಲರೂ ತಿರುಗಿ ಮೂಲೆಗೆ ನೋಡಿದರು. ಧೊಪ್ಪಣ್ಣನೊಬ್ಬ ನೋಡಲಿಲ್ಲ.

ಮೂರು ಗಂಟೆಗೆ ಅತ್ತೆ ಬಂದರು, ಕೈಚೀಲದಲ್ಲಿ ತಮ್ಮದೇ ಪೆನ್ನು, ಹಿಂದೆ ಮೇಷ್ಟ್ರು. ಹೊಸ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದರು, ಕೊಕ್ಕೆಯ ಕಂಬವನ್ನು ಕಂಡು "ಇದೇನು ಬಟ್ಟೆ ಒಣಹಾಕೋದಾ?" ಎಂದರು, ಕುರ್ಚಿಯ ಪ್ಲಾಸ್ಟಿಕ್ ಹೊದಿಕೆಯನ್ನು ಪರ್ರನೆ ಹರಿದರು. ಕುಳಿತು, ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ತಿರುಗಿದರು. "ಪರವಾಗಿಲ್ಲ." ಬಲಗೈಯಲ್ಲಿ ಚಹಾದ ಲೋಟ ಹಿಡಿದು, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎಡಗೈಗೆ ಲ್ಯಾಪ್‌ಟಾಪು ತೆಗೆದುಕೊಂಡರು. ಮ್ಯಾನೇಜರು ಬಾಗಿಲಾಚೆ ಹೋಗಿ, ಹೇಳಿಕೊಟ್ಟ ಹಾಗೆ, "ಅಮ್ಮಾ!" ಎಂದು ಕೂಗಿದರು.

ಧೊಪ್.

ಎಂಥ ಧೊಪ್! ಅಂಚಲ್ಲ, ಮೂಲೆಯಲ್ಲ, ಮುಖವೂ ಅಲ್ಲ. ಹನ್ನೊಂದು ವರ್ಷಗಳಲ್ಲಿ ಅಂಥದ್ದೊಂದನ್ನು ಅವನು ಕೇಳಿರಲಿಲ್ಲ. ಹೊಟ್ಟೆಕಿಚ್ಚಿನ ನಡುವೆಯೂ ಅವನ ಕಿವಿ ಅದಕ್ಕೆ ತಲೆಬಾಗಿತು.

ಅತ್ತೆ ಒಂದು ಗುಟುಕು ಚಹಾ ಕುಡಿದರು. ನೆಲ ನೋಡಿದರು. ಮಂಡಿ ಸವರಿಕೊಂಡರು. ಆಮೇಲೆ ಕುರ್ಚಿಯನ್ನು ಮೆಲ್ಲಗೆ ಅಳಿಯನ ಕಡೆ ತಿರುಗಿಸಿದರು. ಮ್ಯಾನೇಜರೂ ಅವನ ಕಡೆಗೇ ನೋಡುತ್ತಿದ್ದರು.

ಧೊಪ್ಪಣ್ಣ ಬಗ್ಗಿ ಎತ್ತಿಕೊಟ್ಟ.

"ನಾಳೆಯಿಂದ ಇವರು ನಿಮ್ಮ ಜೊತೆಗೇ ಇರ್ತಾರಮ್ಮ," ಎಂದರು ಮ್ಯಾನೇಜರು. "ಬಿದ್ದದ್ದನ್ನೆಲ್ಲ ಎತ್ತಿ ಕೊಡೋಕೆ."

ಅತ್ತೆ ಸ್ಕೇಲಿಟ್ಟು ರಿಜಿಸ್ಟರಿನಲ್ಲಿ ಹೊಸದೊಂದು ಕಾಲಂ ಎಳೆದು, ಮೇಲೆ 'ಎತ್ತಿದವರು' ಎಂದು ಬರೆದು, ಪೆನ್ನನ್ನು ಅಳಿಯನ ಮುಂದೆ ಚಾಚಿದರು. ಅವನು ಸಹಿ ಮಾಡುವುದನ್ನು ನೋಡುತ್ತಾ ಮ್ಯಾನೇಜರ ಕಡೆ ಬಗ್ಗಿ, ನಿಜವಾದ ಕುತೂಹಲದಿಂದ, ತಗ್ಗಿದ ದನಿಯಲ್ಲಿ ಕೇಳಿದರು:

"ಅಲ್ಲಪ್ಪಾ, ಎತ್ತೋದಕ್ಕೂ ಸಂಬಳ ಕೊಡ್ತೀರಾ?"